ತೋಟದ ದಾರಿಯಲ್ಲಿ ಮುಸಿಯ (ಕಪ್ಪು ಮೋರೆಯ ಮಂಗ) ಸತ್ತು ಬಿದ್ದಿದೆ. ಹೇಳಬೇಕಾ, ಸುಮ್ನೆ ಇರಬೇಕಾ?

ಕೊಪ್ಪದ ತೋಟ
ನಮ್ಮದು ಕೊಪ್ಪ ತಾಲ್ಲೂಕು. ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಇವತ್ತು ಬೆಳಿಗ್ಗೆ ಅಡಿಕೆ ಕೊನೆ ತೆಗೆಯುವವರನ್ನು ಕರೆದುಕೊಂಡು ಹೋಗುವಾಗ ಕಾಲುದಾರಿ ಪಕ್ಕ ಒಂದು ಮುಸಿಯ ಸತ್ತು ಬಿದ್ದಿತ್ತು. ಗಾಯ ಇಲ್ಲ. ನಾಯಿ ಕಚ್ಚಿದ ಗುರುತಿಲ್ಲ. ಕರೆಂಟ್ ಲೈನ್ ಆ ಕಡೆ ಹಾದುಹೋಗಿಲ್ಲ.

ಬಂದಿದ್ದ ಆರು ಜನರಲ್ಲಿ ಹಿರಿಯರೊಬ್ಬರು "ಇಲ್ಲೇ ಗುಂಡಿ ತೆಗೆದು ಮುಚ್ಚಿಬಿಡೋಣ, ಹೇಳಿದ್ರೆ ಸುಮ್ನೆ ರಗಳೆ" ಅಂದರು. ನಾನು ಬೇಡ ಅಂದೆ. ಆದರೆ ಇನ್ನೂ ಯಾರಿಗೂ ಫೋನ್ ಮಾಡಿಲ್ಲ. ಮಂಗನ ಕಾಯಿಲೆಯ ಹೆದರಿಕೆ ಇದ್ದೇ ಇದೆ. ಅದರ ಜೊತೆ ಇನ್ನೊಂದು. ಹಿಂದೆ ನಮ್ಮ ಪಕ್ಕದೂರಿನವರೊಬ್ಬರು ಹೀಗೇ ಸುದ್ದಿ ಕೊಟ್ಟಿದ್ದರು. ವಿಷ ಹಾಕಿದ್ದು ನೀವೇ ಇರಬೇಕು ಅನ್ನುವ ಹಾಗೆ ಅವರನ್ನೇ ಮತ್ತೆ ಮತ್ತೆ ಕರೆಸಿ ಕೇಳಿದರು. ಕೊಯ್ಲಿನ ಸಮಯ. ಜನ ಬರಲ್ಲ ಅಂದರೆ ಅಡಿಕೆ ಮರದಲ್ಲೇ ಹಣ್ಣಾಗಿ ಉದುರುತ್ತದೆ. ತಿಳಿದವರು ಹೇಳಿ.

ಆಶಾ ಅಕ್ಕ
ಅಣ್ಣ, ಮೊದಲು ಆ ಜಾಗದಿಂದ ಎಲ್ಲರೂ ದೂರ ಬನ್ನಿ. ಕೈಯಿಂದ ಮುಟ್ಟಬೇಡಿ, ಕೋಲಿನಿಂದ ಮಗುಚುವುದೂ ಬೇಡ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈಗಲೇ ಫೋನ್ ಮಾಡಿ. ನಿಮ್ಮೂರ ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು. ಬೇಗ ಹೇಳಿದಷ್ಟೂ ಒಳ್ಳೆಯದು. ದೇಹ ಕೊಳೆತ ಮೇಲೆ ಸ್ಯಾಂಪಲ್ ತೆಗೆದರೂ ಪ್ರಯೋಜನ ಆಗುವುದು ಕಷ್ಟ.

ಆ ಆರು ಜನರ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಮನೆಗೆ ಹೋದ ಕೂಡಲೇ ಹಾಕಿದ್ದ ಬಟ್ಟೆಯನ್ನು ಬಿಸಿನೀರಿಗೆ ಹಾಕಲಿ. ಸೋಪು ಹಚ್ಚಿ ಸ್ನಾನ ಮಾಡಲಿ. ರಕ್ತ ಹೀರುವ ಉಣುಗು ಹತ್ತಿದೆಯಾ ಅಂತ ಕಂಕುಳು, ಸೊಂಟ, ಮಂಡಿ ಹಿಂಭಾಗ, ಕಿವಿ ಹಿಂದೆ ಎಲ್ಲ ನೋಡಿಕೊಳ್ಳಲಿ.

ಎನ್.ಆರ್.ಪುರ ಹಳಬ
ನಾನು ಆರೋಗ್ಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ಆಶಾ ಅಕ್ಕ ಹೇಳಿದ್ದು ಸರಿ. ಯಾಕೆ ಅಷ್ಟು ಅವಸರ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲ ಹಳ್ಳಿಯವರಿಗೂ ಜ್ವರ ಬಂತು. ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತಾ ಅಂತ ಮೊದಲು ಗಾಬರಿಯಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷೆ ಮಾಡಿದಾಗ ಅದು ಹೊಸ ವೈರಸ್ ಅಂತ ಗೊತ್ತಾಯಿತು. ಹರಡುತ್ತಿದ್ದುದು ಸೊಳ್ಳೆ ಅಲ್ಲ, ಉಣುಗು. ಮೊದಲು ಕಂಡದ್ದು ಅಲ್ಲಿ, ಅದಕ್ಕೇ ಕಾಯಿಲೆಗೆ ಕ್ಯಾಸನೂರಿನ ಹೆಸರು. ನಾವು ಮಂಗನ ಕಾಯಿಲೆ ಅನ್ನುತ್ತೇವೆ. ಮೊದಲು ಶಿವಮೊಗ್ಗದ ಒಳಗೇ ಇತ್ತು. 1970ರ ದಶಕದ ನಂತರ ಉತ್ತರ ಕನ್ನಡ, ದಕ್ಷಿಣ ಕನ್ನಡ, ನಮ್ಮ ಚಿಕ್ಕಮಗಳೂರು ಎಲ್ಲ ಕಡೆ ಕಾಣಿಸಿತು. 2012ರ ನಂತರ ಬಂಡೀಪುರ, ವಯನಾಡು, ಗೋವಾವರೆಗೂ ಹೋಗಿದೆ.

ಈಗ ನಿಮ್ಮ ಮುಸಿಯದ ವಿಷಯ. ಒಂದು ಮಂಗನ ಮೈಮೇಲೆ ಲೆಕ್ಕವಿಲ್ಲದಷ್ಟು ಉಣುಗು ಇರುತ್ತವೆ. ಮಂಗ ಬದುಕಿರುವಾಗ ಅವು ಮೈಗೆ ಅಂಟಿಕೊಂಡು ರಕ್ತ ಹೀರುತ್ತಿರುತ್ತವೆ. ಸತ್ತು ಮೈ ತಣ್ಣಗಾಯಿತು ಅನ್ನಿ, ಒಂದೊಂದಾಗಿ ಇಳಿದು ಸುತ್ತಲ ದರಗಿನ (ಉದುರಿದ ಒಣ ಎಲೆಯ) ಒಳಗೆ ಸೇರುತ್ತವೆ. ಮಂಗನಿಗೆ ಕಾಯಿಲೆ ಇದ್ದಿದ್ದರೆ ಅವುಗಳಲ್ಲೂ ವೈರಸ್ ಇರುತ್ತದೆ. ಅಂದರೆ ಆ ಒಂದು ಜಾಗದಲ್ಲಿ ಕಾಯಿಲೆ ಗುಡ್ಡೆ ಹಾಕಿದ ಹಾಗೆ. ದೇಹವನ್ನು ಮಾತ್ರ ಹೂತರೆ ಉಣುಗು ಹೋಗುವುದಿಲ್ಲ. ಮೇಲಾಗಿ ಗುಂಡಿ ತೆಗೆಯುವವನ ಕಾಲಿಗೇ ಮೊದಲು ಹತ್ತುತ್ತದೆ.

ಸುದ್ದಿ ಕೊಟ್ಟರೆ ಪಶುವೈದ್ಯರು, ಅರಣ್ಯದವರು, ಆರೋಗ್ಯದವರು ಸೇರಿ ಬರುತ್ತಾರೆ. ಸ್ಯಾಂಪಲ್ ತೆಗೆದು ದೇಹವನ್ನು ಅಲ್ಲೇ ಸುಡುತ್ತಾರೆ. ಸುತ್ತ 50 ಮೀಟರ್ ಮೆಲಾಥಿಯಾನ್ ಅನ್ನುವ ಕೀಟನಾಶಕ ಪುಡಿ ಹಾಕುತ್ತಾರೆ. ಇಷ್ಟು ಕೆಲಸ ಆಗಬೇಕಾದರೆ ಯಾರಾದರೂ ಒಬ್ಬರು ಫೋನ್ ಮಾಡಲೇಬೇಕು ಮಾರಾಯ್ರೇ. ಕಾಡಿನ ಒಳಗೆ ಮಂಗ ಸತ್ತಿದ್ದು ಇಲಾಖೆಗೆ ತಾನಾಗಿ ಗೊತ್ತಾಗುವ ದಾರಿ ಬೇರೆ ಇಲ್ಲ.

ಕೊಪ್ಪದ ತೋಟ
ಫೋನ್ ಮಾಡಿದೆ. ಮಧ್ಯಾಹ್ನದ ಒಳಗೆ ಬರುತ್ತೇವೆ ಅಂದಿದ್ದಾರೆ. ಜನರನ್ನು ಕೆಳಗಿನ ತೋಟಕ್ಕೆ ಕಳಿಸಿದೆ. ಆದರೆ ಇಬ್ಬರು ಮನೆಗೆ ವಾಪಸ್ ಹೋದರು. ಅವರ ಇವತ್ತಿನ ಕೂಲಿ ಕೊಟ್ಟು ಕಳಿಸಿದೆ.

ಬಾಳೆಹೊನ್ನೂರು
ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮಲ್ಲಿ ಮಂಗಗಳ ಕಾಟ ವಿಪರೀತ. ಬಾಳೆ ಉಳಿಸಲ್ಲ, ಏಲಕ್ಕಿ ಉಳಿಸಲ್ಲ. ಕಾಯಿಲೆಯೂ ಅವುಗಳಿಂದಲೇ ಅಂದ ಮೇಲೆ ಹಿಡಿದು ದೂರದ ಕಾಡಿಗೆ ಬಿಟ್ಟರೆ ಎರಡೂ ತಾಪತ್ರಯ ಮುಗಿಯುತ್ತದೆ ಅಲ್ವಾ? ಇನ್ನೊಂದು, ನಮ್ಮ ಪಂಚಾಯ್ತಿಯವರ ಹತ್ತಿರ ಫಾಗಿಂಗ್ ಮೆಷಿನ್ ಇದೆ. ತೋಟಕ್ಕೆ ಒಂದು ಸಲ ಹೊಗೆ ಹೊಡೆಸಬಹುದಾ?

ಎನ್.ಆರ್.ಪುರ ಹಳಬ
ಬೆಳೆ ಹಾಳಾಗುವ ಸಂಕಟ ನನಗೂ ಗೊತ್ತು. ಆದರೆ ಹಿಡಿದು ಬಿಟ್ಟರೆ ಉಣುಗನ್ನೂ ಜೊತೆಗೆ ಲಾರಿಯಲ್ಲಿ ಕಳಿಸಿದ ಹಾಗಾಗುತ್ತದೆ. ಇವತ್ತು ನಮ್ಮೂರು, ನಾಳೆ ಇನ್ನೊಬ್ಬರ ಊರು. ಈ ಕಾಯಿಲೆಯಲ್ಲಿ ಮಂಗವೂ ನಮ್ಮ ಹಾಗೆ ಸಾಯುವ ಪ್ರಾಣಿ. ಅದು ನಮಗಿಂತ ಮೊದಲು ಸತ್ತು ಎಚ್ಚರ ಕೊಡುತ್ತದೆ. ಕಾಡಿನಲ್ಲಿ ಇಲಿ, ಹೆಗ್ಗಣ, ಅಳಿಲು, ಹಕ್ಕಿಗಳ ಮೈಮೇಲೂ ಉಣುಗು ಇರುತ್ತವೆ. ಮಂಗ ಇಲ್ಲದಿದ್ದರೆ ಕಾಯಿಲೆ ಇಲ್ಲ ಅನ್ನುವಂತಿಲ್ಲ. ಸುದ್ದಿ ಕೊಡುವವರು ಯಾರೂ ಇಲ್ಲ ಅನ್ನಬೇಕಾಗುತ್ತದೆ.

ಹೊಗೆಯಿಂದ ಹಾರುವ ಸೊಳ್ಳೆ ಸಾಯುತ್ತದೆ. ಉಣುಗು ಹಾರುವುದಿಲ್ಲ, ದರಗಿನ ಅಡಿಯಲ್ಲಿ ಇರುತ್ತದೆ. ಹೊಗೆ ಅಲ್ಲಿಗೆ ಮುಟ್ಟುವುದಿಲ್ಲ.

ಶೃಂಗೇರಿ ಸೀಮೆ
ನಮ್ಮ ಅಪ್ಪನಿಗೆ ಬಂದಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಫೆಬ್ರವರಿ ತಿಂಗಳು. ಕಾಡಂಚಿನಲ್ಲಿ ಸೌದೆ ತರಲು ಹೋಗಿದ್ದರು. ಐದಾರು ದಿನ ಆದ ಮೇಲೆ ಇದ್ದಕ್ಕಿದ್ದ ಹಾಗೆ ಜ್ವರ. ನಿಧಾನಕ್ಕೆ ಏರಿದ ಜ್ವರ ಅಲ್ಲ. ಬೆಳಿಗ್ಗೆ ಚೆನ್ನಾಗಿದ್ದವರು ಮಧ್ಯಾಹ್ನ ಕಂಬಳಿ ಹೊದ್ದು ಮಲಗಿದರು. ತಲೆನೋವು ಎಷ್ಟಿತ್ತು ಅಂದರೆ ಬೆಳಕಿನ ಕಡೆ ತಿರುಗುತ್ತಿರಲಿಲ್ಲ. ಕಣ್ಣು ಕೆಂಪಗೆ. ಸೊಂಟ, ತೊಡೆ, ಮೀನಖಂಡ ಎಲ್ಲ ಹಿಡಿದುಕೊಂಡ ಹಾಗೆ ನೋವು. ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ವೈರಲ್ ಜ್ವರ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಕಾಡಿಗೆ ಹೋಗಿದ್ದರಾ ಅಂತ ಯಾರೂ ಕೇಳಲಿಲ್ಲ. ಹೇಳಬೇಕು ಅಂತ ನಮಗೂ ಹೊಳೆಯಲಿಲ್ಲ. ನಾಲ್ಕು ದಿನ ಹಾಗೇ ಹೋಯಿತು. ಐದನೇ ದಿನ ವಸಡಿನಿಂದ ರಕ್ತ ಬಂತು. ಆಗ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿಂದ ರಕ್ತವನ್ನು ಶಿವಮೊಗ್ಗದ ಲ್ಯಾಬಿಗೆ ಕಳಿಸಿದರು. ಪಾಸಿಟಿವ್.

ಹನ್ನೆರಡು ದಿನಕ್ಕೆ ಜ್ವರ ಬಿಟ್ಟಿತು. ಮುಗಿಯಿತು ಅಂತ ಮನೆಗೆ ಕರೆತಂದೆವು. ಒಂದು ವಾರ ಆದ ಮೇಲೆ ಮತ್ತೆ ಜ್ವರ. ಈ ಸಲ ಕೈ ನಡುಕ, ಮಾತು ತಡವರಿಕೆ. ನಮ್ಮ ಹೆಸರೇ ಅವರಿಗೆ ನೆನಪಾಗುತ್ತಿರಲಿಲ್ಲ. ಈ ಕಾಯಿಲೆಯಲ್ಲಿ ಕೆಲವರಿಗೆ ಎರಡನೇ ಸುತ್ತು ಬರುತ್ತದೆ, ಅದು ಮೆದುಳಿನ ಮೇಲೆ ಹೋಗುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು. ಅಪ್ಪ ಉಳಿದರು. ಆದರೆ ಗದ್ದೆ ಬದು ಹತ್ತುವಷ್ಟು ಶಕ್ತಿ ಬರಲು ಆರು ತಿಂಗಳು ಬೇಕಾಯಿತು.

ಆ ಕಾಡಂಚಿನಲ್ಲಿ ಅದೇ ತಿಂಗಳು ಎರಡು ಮಂಗ ಸತ್ತಿದ್ದವಂತೆ. ಊರಿನ ಕೆಲವರಿಗೆ ಗೊತ್ತಿತ್ತು. ಹೂ ಹಾಕಿ, ಊದುಬತ್ತಿ ಹಚ್ಚಿ ಮಣ್ಣು ಮಾಡಿದ್ದರು. ಆಂಜನೇಯ ಅಂತ ಭಕ್ತಿಯಿಂದಲೇ ಮಾಡಿದ್ದು, ಅವರನ್ನು ನಾನು ದೂರುವುದಿಲ್ಲ. ಆದರೆ ಒಂದು ಮಾತು ಹೇಳಿದ್ದರೆ ಅಪ್ಪ ಆ ಕಡೆ ಹೋಗುತ್ತಲೇ ಇರಲಿಲ್ಲ.

ಕೊಪ್ಪದ ತೋಟ
ಓದಿ ಕೈ ಕಾಲು ತಣ್ಣಗಾಯಿತು. ಅಪ್ಪ ಈಗ ಹೇಗಿದ್ದಾರೆ?

ಶೃಂಗೇರಿ ಸೀಮೆ
ಈಗ ಪರವಾಗಿಲ್ಲ. ಕಾಡಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಗ್ಯಾಸ್ ಒಲೆಯ ಮೇಲೆ ಬಿಸಿನೀರು ಕಾಯಿಸಿದರೆ ಈಗಲೂ ಬೈಯುತ್ತಾರೆ.

ಜಿಲ್ಲೆಯ ನರ್ಸ್
ಶೃಂಗೇರಿಯವರು ಬರೆದ ಒಂದು ವಿಷಯವನ್ನು ಎಲ್ಲರೂ ನೆನಪಿಡಿ. ಡಿಸೆಂಬರ್‌ನಿಂದ ಮೇ ವರೆಗೆ ಮಲೆನಾಡಿನಲ್ಲಿ ಯಾರಿಗೇ ಜ್ವರ ಬಂದರೂ ಡಾಕ್ಟರಿಗೆ ಮೊದಲ ಮಾತು ಇದು: "ಕಾಡಿಗೆ ಹೋಗಿದ್ದೆ" ಅಥವಾ "ನಮ್ಮ ಕಡೆ ಮಂಗ ಸತ್ತಿತ್ತು". ಅವರು ಕೇಳಲಿ ಅಂತ ಕಾಯಬೇಡಿ. ಉಣುಗು ಕಚ್ಚಿ ಸಾಮಾನ್ಯವಾಗಿ 3ರಿಂದ 8 ದಿನದ ಒಳಗೆ ಜ್ವರ ಬರುತ್ತದೆ. ಮೊದಲ ದಿನಗಳಲ್ಲೇ ರಕ್ತ ಕೊಟ್ಟರೆ ಆರ್‌ಟಿ-ಪಿಸಿಆರ್‌ನಲ್ಲಿ ಗೊತ್ತಾಗುತ್ತದೆ.

ಈ ವೈರಸ್ಸಿಗೆ ಅಂತಲೇ ಔಷಧಿ ಇಲ್ಲ. ಹಾಗಂತ ಆಸ್ಪತ್ರೆಗೆ ಹೋಗಿ ಏನು ಪ್ರಯೋಜನ ಅನ್ನಬೇಡಿ. ನೀರಿನಂಶ ಕಡಿಮೆಯಾಗದ ಹಾಗೆ ನೋಡಿಕೊಳ್ಳುವುದು, ಪ್ಲೇಟ್‌ಲೆಟ್, ಬಿಪಿ ಗಮನಿಸುವುದು, ರಕ್ತಸ್ರಾವ ಆದರೆ ತಕ್ಷಣ ನಿಭಾಯಿಸುವುದು, ಜೀವ ಉಳಿಯುವುದು ಇದರಿಂದಲೇ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ ಅನ್ನುವುದು ಸಾಮಾನ್ಯ ಲೆಕ್ಕ. ಮೈಕೈ ನೋವಿಗೆ ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗಬೇಡಿ. ರಕ್ತಸ್ರಾವ ಜಾಸ್ತಿ ಆಗಬಹುದು. ಪ್ಯಾರಾಸಿಟಮಾಲ್ ಮಾತ್ರ, ಅದೂ ಹೇಳಿದ ಪ್ರಮಾಣದಲ್ಲಿ.

ಇನ್ನೊಂದು. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡುವುದು, ಮನೆಯವರನ್ನು ಕೆಲಸಕ್ಕೆ ಕರೆಯದೇ ಇರುವುದು, ಇದನ್ನೆಲ್ಲ ನೋಡಿದ್ದೇನೆ. ದಯವಿಟ್ಟು ಮಾಡಬೇಡಿ.

ಹಾಸನದ ಓದುಗ
ನಾನು ಹಾಸನ ಪೇಟೆಯವನು. ನಮಗೆ ಇಲ್ಲಿ ಚಿಂತೆ ಡೆಂಗ್ಯೂದು. 2024ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯೂ ನಿಮ್ಮ ಜಿಲ್ಲೆಯೂ ದಿನಾ ಸುದ್ದಿಯಲ್ಲಿದ್ದವು. ಆ ವರ್ಷ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡ ಇಟ್ಟಿತು. ಸೊಳ್ಳೆ ಹುಟ್ಟುವ ನೀರು ನಿಲ್ಲಿಸಿದರೆ ಪೇಟೆಯ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಅಂಗಡಿ ಹೋಟೆಲ್‌ಗಳಿಗೆ ಇನ್ನೂ ಜಾಸ್ತಿ. ಮಂಗ ಸತ್ತಿದ್ದನ್ನು ಮುಚ್ಚಿಟ್ಟವರಿಗೂ ಹಾಗೇ ದಂಡ ಹಾಕಿದರೆ ಎಲ್ಲರೂ ಹೇಳುತ್ತಾರೆ ಅನಿಸುತ್ತದೆ.

ಆಶಾ ಅಕ್ಕ
ಇಲ್ಲ ಸರ್, ಇದನ್ನು ನಾನು ಒಪ್ಪಲ್ಲ. ಡೆಂಗ್ಯೂ ಸೊಳ್ಳೆ ಮನೆಯ ಡ್ರಮ್ಮಿನಲ್ಲಿ ಇರುತ್ತದೆ. ನಾನೇ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಲಾರ್ವಾ ನೋಡಬಹುದು, ತೋರಿಸಬಹುದು. ನೀರು ಚೆಲ್ಲಿ ಡ್ರಮ್ ಉಜ್ಜಿದರೆ ಅಲ್ಲಿಗೆ ಆಯಿತು. ಮಂಗನ ವಿಷಯ ಹಾಗಲ್ಲ. ಕಾಡಿನ ಒಳಗೆ ಸತ್ತಿದ್ದನ್ನು ನೋಡಿದವನು ಒಬ್ಬನೇ ಇರುತ್ತಾನೆ. ದಂಡ ಅಂದರೆ ಅವನು ನೋಡೇ ಇಲ್ಲ ಅನ್ನುತ್ತಾನೆ. ಯಾರು ಸಾಕ್ಷಿ?

ದಂಡದ ಹೆದರಿಕೆಗೆ ಡ್ರಮ್ಮನ್ನು ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಮುಚ್ಚಿಟ್ಟ ಮನೆಗಳನ್ನೂ ನೋಡಿದ್ದೇನೆ. ನಾನು ಹೋದರೆ ಒಳಗೆ ಬಿಡಲಿಲ್ಲ. ಮೊದಲು ಕಾಫಿ ಕೊಟ್ಟು ಕೂರಿಸುತ್ತಿದ್ದವರು ಅವರು. ಡ್ರಮ್ಮಿನ ವಿಷಯದಲ್ಲೇ ಹೀಗಾದರೆ ಮಂಗನ ವಿಷಯ ಕೇಳಬೇಕಾ?

ಸಕಲೇಶಪುರ ಕಾಫಿ
ಹಾಸನದವರ ಕಾಳಜಿ ನ್ಯಾಯವಾದದ್ದೇ. ನಮ್ಮ ಎಸ್ಟೇಟುಗಳಲ್ಲಿ ಡೆಂಗ್ಯೂ ಸೊಳ್ಳೆ ಹುಟ್ಟುವುದು ಬರೀ ಡ್ರಮ್ಮಿನಲ್ಲಲ್ಲ. ಬಿದ್ದ ಅಡಿಕೆ ಹಾಳೆ, ಕಡಿದ ಬಿದಿರಿನ ಮೋಟು, ಕಾಫಿ ಮುಚ್ಚಿದ ಟಾರ್ಪಾಲಿನ ಮಡಿಕೆ, ಕೂಲಿಯವರ ಲೈನ್ ಮನೆ ಹಿಂದಿನ ಹಳೆ ಟೈರು, ಎಲ್ಲದರಲ್ಲೂ ನೀರು ನಿಲ್ಲುತ್ತದೆ. ಮೊಟ್ಟೆಯಿಂದ ಸೊಳ್ಳೆ ಆಗಲು ವಾರ, ಹತ್ತು ದಿನ ಸಾಕು. ಮೊಟ್ಟೆ ಪಾತ್ರೆಯ ಒಣಗಿದ ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ಮತ್ತೆ ಮಳೆ ನೀರು ತಾಗಿದರೆ ಮರಿ. ಅದಕ್ಕೇ ಬರೀ ನೀರು ಚೆಲ್ಲಿದರೆ ಸಾಲದು, ಒಳಗಡೆ ಉಜ್ಜಬೇಕು. ನಮ್ಮಲ್ಲಿ ಪ್ರತಿ ಶುಕ್ರವಾರ ಮೇಸ್ತ್ರಿ ಇಬ್ಬರನ್ನು ಕರೆದುಕೊಂಡು ಲೈನ್ ಸುತ್ತ ಒಂದು ಸುತ್ತು ಹಾಕುತ್ತಾರೆ. ಅದಕ್ಕೆ ಅರ್ಧ ದಿನದ ಕೂಲಿ ಕೊಡುತ್ತೇವೆ. ಕೂಲಿ ಕೊಡಲು ಶುರು ಮಾಡಿದ ಮೇಲೆಯೇ ಕೆಲಸ ನಿಜವಾಗಿ ಆಗಿದ್ದು.

ಕೊಪ್ಪದವರು ಆ ಇಬ್ಬರಿಗೆ ಕೂಲಿ ಕೊಟ್ಟು ಕಳಿಸಿದ್ದು ನನಗೆ ಬಹಳ ಹಿಡಿಸಿತು. ಕೂಲಿ ಹೋಗುತ್ತದೆ ಅನ್ನುವ ಹೆದರಿಕೆ ಇದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ದನದ ಡಾಕ್ಟ್ರು
ಕೊಟ್ಟಿಗೆ ವಿಷಯ ಯಾರೂ ಎತ್ತಿಲ್ಲ. ನಾನು ಪಶುವೈದ್ಯ. ಸೊಪ್ಪಿಗೆ, ದರಗಿಗೆ ಅದೇ ಬೆಟ್ಟಕ್ಕೆ ಹೋಗುತ್ತೀರಿ. ದನ ಮೇಯುವುದೂ ಅಲ್ಲೇ. ಈ ಜಾತಿಯ ಉಣುಗು ಮರಿಯಾಗಿದ್ದಾಗ ಸಣ್ಣ ಪ್ರಾಣಿ, ಮಂಗ, ಹಕ್ಕಿಗಳ ಮೇಲೆ ಇರುತ್ತದೆ. ಬೆಳೆದು ದೊಡ್ಡದಾದ ಮೇಲೆ ದನದ ರಕ್ತ ಹೀರಿ ಕೆಳಗೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ದನಕ್ಕೆ ಕಾಯಿಲೆ ಬರುವುದಿಲ್ಲ. ಆದರೆ ಉಣುಗಿನ ಸಂಖ್ಯೆ ಬೆಳೆಯುವುದು ಅದರ ಮೈಮೇಲೆ.

ಮನುಷ್ಯರಿಗೆ ಹೆಚ್ಚು ಕಚ್ಚುವುದು ನಡುವಿನ ಹಂತದ್ದು. ಎಳ್ಳಿನ ಕಾಳಿನಷ್ಟು ಇರುತ್ತದೆ. ಕಣ್ಣಿಗೆ ಬೀಳುವುದಿಲ್ಲ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಅವು ಜಾಸ್ತಿ ಇರುವುದು ಡಿಸೆಂಬರ್‌ನಿಂದ ಮೇ. ನಮ್ಮ ಅಡಿಕೆ ಕೊಯ್ಲು, ಕಾಫಿ ಕೊಯ್ಲು, ಮೆಣಸು ಬಿಡಿಸುವುದು, ಸೌದೆ ಕೂಡಿಡುವುದು ಎಲ್ಲ ಇದೇ ತಿಂಗಳುಗಳಲ್ಲಿ. ಹಾಗಾಗಿ ಮಂಗ ಸತ್ತ ಜಾಗದಿಂದ ಈ ವರ್ಷ ದರಗು ತರಲೇಬೇಡಿ. ದನವನ್ನೂ ಆ ಕಡೆ ಬಿಡಬೇಡಿ. ದನದ ಉಣುಗಿಗೆ ಇಂಜೆಕ್ಷನ್ ಇದೆ, ಆದರೆ ಹಾಲು ಕರೆಯುವ ಹಸುವಾದರೆ ಎಷ್ಟು ದಿನ ಹಾಲು ಬಳಸಬಾರದು ಅಂತ ಕೇಳಿಯೇ ಕೊಡಿಸಿ.

ಮೈಗೆ ಉಣುಗು ಹತ್ತಿದ್ದರೆ ಸೀಮೆಎಣ್ಣೆ ಸುರಿಯುವುದು, ಬೀಡಿಯಿಂದ ಸುಡುವುದು ಬೇಡ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಉಗುರಿನಲ್ಲಿ ಹಿಚುಕಬೇಡಿ. ಆಮೇಲೆ ಸೋಪಿನಿಂದ ತೊಳೆಯಿರಿ.

ಬಾಳೆಹೊನ್ನೂರು
ಉಣುಗಿಗೆ ನಮ್ಮ ಮನೆಯಲ್ಲಿ ಉಣ್ಣೆ ಅನ್ನುತ್ತಾರೆ, ಅದೇ ಅಲ್ವಾ? ಹಿಂದೆ ನಮಗೆಲ್ಲ ಲಸಿಕೆ ಹಾಕುತ್ತಿದ್ದರು. ಈಗ ಯಾಕೆ ಹಾಕುತ್ತಿಲ್ಲ?

ಎನ್.ಆರ್.ಪುರ ಹಳಬ
ಅದೇ. ಲಸಿಕೆ ಹಾಕಲು ಮನೆ ಮನೆ ತಿರುಗಿದವರಲ್ಲಿ ನಾನೂ ಒಬ್ಬ. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ. ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ಮೊದಲ ಡೋಸ್ ತೆಗೆದುಕೊಂಡವರು ಎರಡನೆಯದಕ್ಕೆ ಬಾಗಿಲು ಹಾಕಿಕೊಳ್ಳುತ್ತಿದ್ದರು. 2013ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಎರಡು ಡೋಸ್ ಆದವರಿಗೆ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಸುಮಾರು ಶೇ. 83 ರಕ್ಷಣೆ ಇತ್ತು. ಆಮೇಲೆ ಲಸಿಕೆಯ ಶಕ್ತಿ ಸಾಲದು ಅಂತ ಕಂಡುಬಂದು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಗೆ ಐಸಿಎಂಆರ್ ಕೆಲಸ ಮಾಡುತ್ತಿದೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಇರುವುದು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ. ಡಿಆರ್‌ಡಿಒದವರು ಕಂಡುಹಿಡಿದದ್ದು. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುತ್ತಾರೆ. ಕಾಡಿಗೆ, ತೋಟಕ್ಕೆ ಹೋಗುವ ಮೊದಲು ಕೈ, ಕಾಲು, ಕುತ್ತಿಗೆಗೆ ಹಚ್ಚಬೇಕು. ಬೆವರಿಗೆ ಹೋಗಿಬಿಡುತ್ತದೆ, ಹಾಗಾಗಿ ಮಧ್ಯಾಹ್ನ ಊಟ ಆದ ಮೇಲೆ ಇನ್ನೊಮ್ಮೆ. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಸೆಖೆ ಆಗುತ್ತದೆ, ನಿಜ.

ನನ್ನ ತಕರಾರು ಒಂದಿದೆ. ಎಷ್ಟೋ ಊರಿಗೆ ಎಣ್ಣೆ ತಲುಪುವುದು ಮೊದಲ ಮಂಗ ಸತ್ತ ಮೇಲೆ. ನವೆಂಬರಿನಲ್ಲೇ, ಕೊಯ್ಲಿಗೆ ಮುಂಚೆ, ಪ್ರತಿ ಮನೆಗೂ ಬಾಟಲಿ ಮುಟ್ಟಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ನಾನು ಈಗಲೂ ಕೇಳುತ್ತೇನೆ.

ಕೊಪ್ಪದ ತೋಟ
ಸಂಜೆ ಅಪ್‌ಡೇಟ್. ಮೂರೂ ಇಲಾಖೆಯವರು ಬಂದಿದ್ದರು. ಪಶುವೈದ್ಯರು ಕೈಗವಸು, ಗೌನ್ ಹಾಕಿಕೊಂಡು ಸ್ಯಾಂಪಲ್ ತೆಗೆದರು. ದೇಹ ಸುಟ್ಟರು, ಪುಡಿ ಹಾಕಿದರು, ಟೇಪ್ ಕಟ್ಟಿದರು. ನನ್ನನ್ನು ಯಾರೂ ಗದರಿಸಲಿಲ್ಲ. ಅರಣ್ಯದವರು ಯಾವಾಗ ನೋಡಿದಿರಿ, ಬೇರೆ ಮಂಗ ಕಂಡಿರಾ ಅಂತ ಕೇಳಿದರು, ಬರೆದುಕೊಂಡರು. ಬೇಗ ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದರು. ಅಷ್ಟೇ. ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಇದ್ದ ಕಲ್ಲು ಕರಗಿದ ಹಾಗಾಯಿತು.

ಮೇಲಿನ ಭಾಗದ ಕಾಲು ಎಕರೆಯಷ್ಟು ಕೊಯ್ಲು ಸದ್ಯಕ್ಕೆ ಬಿಟ್ಟಿದ್ದೇನೆ. ನಷ್ಟ ಇದೆ. ಶೃಂಗೇರಿಯವರ ಅಪ್ಪನ ಕಥೆ ಓದಿದ ಮೇಲೆ ಅದು ಮನಸ್ಸಿಗೆ ಹತ್ತುತ್ತಿಲ್ಲ.

ಸಕಲೇಶಪುರ ಕಾಫಿ
ಕಾಲು ಎಕರೆ ನಿಮಗೆ ತಡೆದುಕೊಳ್ಳಲು ಆಗುತ್ತದೆ. ಅರ್ಧ ಎಕರೆ ಇರುವವರಿಗೆ? ಬರೀ ಸೌದೆ, ಸೊಪ್ಪು ನಂಬಿಕೊಂಡವರಿಗೆ? ಕಾಡಿಗೆ ಹೋಗಬೇಡಿ ಅಂತ ಮೈಕ್‌ನಲ್ಲಿ ಹೇಳುವುದು ಸುಲಭ. ಟೇಪ್ ಕಟ್ಟಿದ ದಿನಗಳಿಗೆ ಪಂಚಾಯ್ತಿಯಿಂದ ಆ ಮನೆಗಳಿಗೆ ಬೇರೆ ಕಡೆ ಉದ್ಯೋಗ ಖಾತ್ರಿ ಕೆಲಸ ಕೊಟ್ಟರೆ ಎಷ್ಟೋ ಜನ ತಾವಾಗಿ ಬಂದು ಹೇಳುತ್ತಾರೆ.

ಆಶಾ ಅಕ್ಕ
ಇದನ್ನು ನಮ್ಮ ಮುಂದಿನ ಸಭೆಯಲ್ಲಿ ನಾನೇ ಎತ್ತುತ್ತೇನೆ. ಸುದ್ದಿ ಕೊಟ್ಟವರ ಹೆಸರು ಊರಲ್ಲಿ ಹೊರಗೆ ಬರಬಾರದು ಅನ್ನುವುದನ್ನೂ ಸೇರಿಸುತ್ತೇನೆ. ಕೊಪ್ಪದ ಅಣ್ಣ, ಆ ಆರು ಜನರ ಜ್ವರ ದಿನಾ ಕೇಳಿ.

ಕೊಪ್ಪದ ತೋಟ
ಹತ್ತು ದಿನ ಆಯಿತು. ಮುಸಿಯದ ರಿಪೋರ್ಟ್ ಬಂತು, ಪಾಸಿಟಿವ್. ಊರಿನ ಎಲ್ಲ ಮನೆಗೂ ಎಣ್ಣೆ ಕೊಟ್ಟಿದ್ದಾರೆ. ಆರು ಜನರಲ್ಲಿ ಒಬ್ಬರಿಗೆ ಐದನೇ ದಿನ ಜ್ವರ ಬಂದಿತ್ತು. ಅವತ್ತೇ ರಕ್ತ ಕೊಡಿಸಿದೆವು. ನೆಗೆಟಿವ್ ಬಂತು, ಈಗ ಕೆಲಸಕ್ಕೆ ಬರುತ್ತಿದ್ದಾರೆ. ಉಳಿದವರು ಆರಾಮ.

ಹೂತುಬಿಡೋಣ ಅಂದಿದ್ದ ಹಿರಿಯರು ನಿನ್ನೆ ರಾತ್ರಿ ಫೋನ್ ಮಾಡಿದ್ದರು. ಹಳ್ಳದ ಆಚೆ, ಅವರ ಗದ್ದೆ ಮೇಲೆ ಇನ್ನೊಂದು ಬಿದ್ದಿದೆಯಂತೆ. ಯಾರಿಗೆ ಹೇಳಬೇಕು, ನಂಬರ್ ಕೊಡಿ ಅಂದರು.